ಹನ್ನೆರಡು ಬಾವಿಯ ತಟ್ಟೆ

ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ
ಅರ್ಧ ಕೆಜಿ ಗೂಡು ಕೇಳಿದೆ.
"ಅರ್ಧ ಕೆಜಿಯಾ? ಯಾವ ಬೊಂಬೆಗಮ್ಮಾ ಸೀರೆ?"
ಜಾಲರಿ ಮುಂದೆ ಕೂತಿದ್ದ ಬಾಬಾಜಾನ್ ನಕ್ಕ.
ಸೀರೆಗಲ್ಲ ಎಂದೆ. ಚರ್ಮಕ್ಕೆ ಎನ್ನಲಿಲ್ಲ.

ಕುದಿಸಿ, ಅಂಟು ಕಳೆದು, ಉಪ್ಪಿನಲ್ಲಿ ಕರಗಿಸಿ
ಎರಡು ದಿನ ಕಾದರೆ
ರೇಷ್ಮೆ ಮತ್ತೆ ಹುಳದ ಬಾಯೊಳಗಿನ ಜೊಲ್ಲಾಗುತ್ತದೆ.
ಅದನ್ನು ಹಾಳೆ ಮಾಡಿ, ಬಿಲ್ಲೆ ಕತ್ತರಿಸಿ
ಹನ್ನೆರಡು ಬಾವಿಯ ತಟ್ಟೆಯಲ್ಲಿ ಹಾಸುತ್ತೇನೆ.
ಚಿಕ್ಕಬಳ್ಳಾಪುರದಲ್ಲಿ ನೀರಿರುವ ಬಾವಿ ಇವಷ್ಟೇ
ಅನ್ನುತ್ತಾರೆ ವನಮಾಲಾ ಡಾಕ್ಟರು, ಪ್ರತಿ ಸಲ.
ಆ ನೀರೂ ಗುಲಾಬಿ ಬಣ್ಣ.

ಹಾಸಿನ ಮೇಲೆ ಗಂಗುಲಮ್ಮ ಬೆಳೆಯುತ್ತಾಳೆ.
ಗಂಗುಲಮ್ಮ ಅಂದರೆ ಪೂರ್ತಿ ಅಲ್ಲ:
ಗರ್ಭಕೋಶ ತೆಗೆದ ದಿನ
ಬಕೆಟ್ಟಿಗೆ ಹೋಗಬೇಕಿದ್ದ ಉಗುರಿನಷ್ಟು ಒಳಚರ್ಮ.
ಒಪ್ಪಿಗೆ ಪತ್ರ ಓದಿ ಹೇಳಿದವಳು ನಾನೇ.
ಇಪ್ಪತ್ತೆರಡು ವರ್ಷ ಬಿಸಿನೀರ ಬಾಣಲೆಯಲ್ಲಿ
ನೂಲಿನ ತುದಿ ಹುಡುಕಿದ ಕೈ;
ಹೆಬ್ಬೆಟ್ಟೊತ್ತಿದರೆ ಗೆರೆಯೇ ಮೂಡಲಿಲ್ಲ,
ಬರೀ ನೀಲಿ ಮಚ್ಚೆ.
"ಯಾವ ಕಾಯಿಲೆಗಮ್ಮಾ ಇದು?"
ಹೇಳಿದೆ, ತಗ್ಗಿದ ದನಿಯಲ್ಲಿ.
"ಜೋರಾಗಿ ಹೇಳು, ಈ ಕಿವಿ ಮಂದ."
ವಾರ್ಡಿನಲ್ಲಿ ಹದಿನಾರು ಮಂಚ.
ಹೇಳಿದೆ.
"ಓ, ಅದಾ. ನಮ್ಮೋರು ಸರ್ಪಸುತ್ತು ಅಂದ್ಕೊಂಡು
ಕೆಮ್ಮಣ್ಣು ಮೆತ್ಕೊಂಡು ಸುಮ್ಕಿರ್ತಾರೆ. ತೊಗೋ."

ಪದರದ ಮೇಲೆ ಪದರ ಕೂತ ಮೇಲೆ
ಒಂದು ಹನಿ ಬಿಡುತ್ತೇನೆ.
ಇಲಿಗೆ ಈ ಕಾಯಿಲೆ ನಮ್ಮ ಹಾಗೆ ಬರುವುದಿಲ್ಲ,
ಅದಕ್ಕೇ ಈ ಬಿಲ್ಲೆ.
ಮಾರನೆಯ ದಿನ ಕೋಶಗಳು ಉಬ್ಬುತ್ತವೆ,
ಪಕ್ಕದವನ್ನು ಅಪ್ಪಿ ಗೋಡೆ ಮರೆಯುತ್ತವೆ,
ಒಂದೇ ಹೊಟ್ಟೆಯಲ್ಲಿ ಐದಾರು ಬೀಜ.
ಅದರ ಮಾರನೆಗೆ ನಡುವೆ ಒಂದು ತೂತು.
ತೂತಿನಾಚೆ ರೇಷ್ಮೆ ಹೊಳೆಯುತ್ತದೆ.

ನಮ್ಮಪ್ಪ ನಾರೆಪ್ಪ ಹುಳು ಸಾಕಿದವನು.
ಹುಳಕ್ಕೂ ವೈರಸ್ಸಿದೆ, ಹಾಲುರೋಗ;
ಮೈ ಉಬ್ಬಿ, ಒಡೆದು, ಬಿಳಿ ನೀರು.
ತಟ್ಟೆಗೆ ಹಾಲುರೋಗ ಬಿದ್ದ ಬೆಳಿಗ್ಗೆ ಅಪ್ಪ
ಟೀ ಅಂಗಡಿ ಮುಂದೆ ನಿಂತು ಊರಿಗೇ ಕೂಗುತ್ತಿದ್ದ:
ನಮ್ಮನೆ ಕಡೆ ಬರಬೇಡಿ, ಕೈ ತೊಳಕೊಳ್ಳಿ,
ಸುಣ್ಣ ಇದ್ದರೆ ಒಂದು ಬುಟ್ಟಿ ಕೊಡಿ.
ಯಾರೂ ಹುಳವನ್ನು ಕೇಳಲಿಲ್ಲ
ಎಲ್ಲಿಗೆ ಹೋಗಿದ್ದೆ, ಯಾರ ಜೊತೆ, ಎಂದು.
ಪೊರೆ ಬಿಡುವುದಕ್ಕೂ ನಮ್ಮಲ್ಲಿ ಜ್ವರ ಅಂತಲೇ ಹೆಸರು,
ನಾಲ್ಕು ಜ್ವರ ದಾಟಿದರೆ ಹುಳು ಹಣ್ಣು.

ಬಿಲ್ಲೆಗೆ ನರವಿಲ್ಲ.
ಅದು ನಮ್ಮ ಮಾದರಿಯ ಕೊರತೆ, ವರದಿಯ ಕೊನೆಗೆ ಬರೆಯುತ್ತೇವೆ.
ಹುಣ್ಣು ಮಾಗಿ, ವೈರಸ್ಸು ನರದ ದಾರಿ ಹಿಡಿದು
ಬೆನ್ನ ಬುಡದ ಗಂಟಿನಲ್ಲಿ ಮಲಗುವುದು ಇಲ್ಲಿ ಕಾಣದು.
ಏಳುವುದೂ ಕಾಣದು:
ತಂಗಿಯ ಮದುವೆಯ ಹಿಂದಿನ ರಾತ್ರಿ,
ನಿದ್ದೆಗೆಟ್ಟು ಬಾಗೇಪಲ್ಲಿ ಬಸ್ಸಿನಲ್ಲಿ
ಒಂದು ಬದಿಗೆ ವಾಲಿ ಕೂತಾಗ
ತೊಡೆಯ ಒಳಗೆ ಆ ಮೊದಲ ಚುಳುಕು.
ಬಿಲ್ಲೆ ಉರಿ ಎನ್ನುವುದಿಲ್ಲ.

ವೈರಸ್ಸಿನ ಸೀಸೆಯ ಮೇಲೆ ಹೆಸರಿಲ್ಲ,
ನಲವತ್ತೊಂದು ಅಂತ ಒಂದು ಅಂಕಿ, ತಾರೀಖು.
"ಯಾರದು ಮೇಡಂ, ಪಾಪ?" ಅಂದ
ಹೊಸದಾಗಿ ಸೇರಿದ ಹುಡುಗ ಮುನಿತೇಜ.
ನಿಯಮ ಹೇಳಿದೆ: ಕೇಳಬಾರದು.
ಮೂರು ವರ್ಷದ ಹಿಂದೆ ಕೆಳಮಹಡಿಯ ಕೋಣೆಯಲ್ಲಿ
ಪರದೆ ಎಳೆದುಕೊಂಡು
ಆ ಒಪ್ಪಿಗೆ ಪತ್ರವನ್ನೂ ನಾನೇ ಓದಿದೆ,
ನನಗೇ, ತಗ್ಗಿದ ದನಿಯಲ್ಲಿ.

ಸಂಜೆ ಆರೂವರೆ. ಔಷಧ ಹಾಕಿದ ಸಾಲು.
ಏಳನೇ ಬಾವಿಯ ಚರ್ಮ ಇನ್ನೂ ಪೂರ್ತಿ ಇದೆ.
ಎಂಟರದ್ದು ಹೋಗಿದೆ.
ಒಂಬತ್ತು ಗೊತ್ತಾಗುತ್ತಿಲ್ಲ, ನಾಳೆ ನೋಡಬೇಕು.
ಕಾಯಿಲೆಯ ಹೆಸರಿನ ಜಾಗದಲ್ಲಿ ಏನು ಬರೆಯಲಿ ಎಂದು
ಮುನಿತೇಜ ಪಿಸುಗುಟ್ಟುತ್ತಾನೆ.
ಜೋರಾಗಿ ಹೇಳೋ, ಎನ್ನುತ್ತೇನೆ,
ಫ್ಯಾನಿನ ಸದ್ದು.